ಛಾವಣಿಯ ಕೆಳಗೆ ಇನ್ನೂರು ಮೀಟರ್: ಒಳಾಂಗಣ ಅಥ್ಲೆಟಿಕ್ಸ್‌ನ ನಿಯಮಗಳು ಬೆಳೆದು ಬಂದ ದಾರಿ

ಬಯಲಿನ ಟ್ರ್ಯಾಕ್‌ನಲ್ಲಿ 400 ಮೀಟರ್ ಓಟವೆಂದರೆ ಒಂದು ಸುತ್ತು. ಛಾವಣಿಯ ಕೆಳಗೆ ಅದೇ ದೂರಕ್ಕೆ ಎರಡು ಸುತ್ತು, ನಾಲ್ಕು ಕಡಿದಾದ ತಿರುವು. ಹೊರಗೆ ಎಂಟು ಇಲ್ಲವೇ ಒಂಬತ್ತು ಲೇನ್‌ಗಳಿದ್ದರೆ ಒಳಗೆ ನಾಲ್ಕರಿಂದ ಆರು. 100 ಮೀಟರ್ ಓಟಕ್ಕೆ ಜಾಗವಿಲ್ಲ, ಅದು 60 ಮೀಟರಿಗೆ ಇಳಿದಿದೆ. ಡಿಸ್ಕಸ್, ಜಾವೆಲಿನ್, ಹ್ಯಾಮರ್‌ಗಳಿಗೆ ಚಾಂಪಿಯನ್‌ಷಿಪ್‌ನಲ್ಲಿ ಪ್ರವೇಶವೇ ಇಲ್ಲ. ಗಾಳಿ ಬೀಸುವುದಿಲ್ಲ, ಮಳೆ ಬರುವುದಿಲ್ಲ, ಬಿಸಿಲಿನ ಕಾಟವಿಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ಒಳಾಂಗಣ ಕೂಟದಲ್ಲಿ ಕ್ರೀಡಾಪಟು ಎದುರಿಸಬೇಕಾದ ದೊಡ್ಡ ಸಮಸ್ಯೆ ಜಾಗದ್ದು. ಜಾಗ ಕಿರಿದಾದಷ್ಟೂ ನಿಯಮ ಬಿಗಿಯಾಗುತ್ತದೆ. ನಿಯಮ ಬಿಗಿಯಾದಷ್ಟೂ ಅದನ್ನು ಅರಿಯದವರಿಗೆ ಪೆಟ್ಟು ಬೀಳುತ್ತದೆ. ಒಂದೂವರೆ ಶತಮಾನದ ಒಳಾಂಗಣ ಅಥ್ಲೆಟಿಕ್ಸ್‌ನ ಚರಿತ್ರೆಯನ್ನು, ಇಕ್ಕಟ್ಟಿನಲ್ಲೂ ಎಲ್ಲರಿಗೂ ಸಮಾನ ಅವಕಾಶ ಒದಗಿಸಲು ನಡೆದ ಪ್ರಯತ್ನಗಳ ಚರಿತ್ರೆಯೆಂದೇ ಓದಬಹುದು.

ಹಲಗೆಯ ಮೇಲಿನ ಓಟ

1868ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ ಆ ಊರಿನ ಸ್ಕೇಟಿಂಗ್ ಸಭಾಂಗಣವೊಂದರಲ್ಲಿ ಕ್ರೀಡಾಕೂಟ ನಡೆಸಿತು. ಅಮೆರಿಕದ ಒಳಾಂಗಣ ಅಥ್ಲೆಟಿಕ್ಸ್‌ನ ಕಥೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಹಿಮ ಬೀಳುವ ನಾಡಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಯಲಲ್ಲಿ ಓಡುವಂತಿಲ್ಲ. ಹಾಗಾಗಿ ಸೈನಿಕರ ಕವಾಯತು ಭವನಗಳು, ಸಂತೆ-ಪ್ರದರ್ಶನದ ದೊಡ್ಡ ಕಟ್ಟಡಗಳು ಚಳಿಗಾಲದ ಮೈದಾನಗಳಾದವು. ವಾನಾಮೇಕರ್ ಮಳಿಗೆಯ ನೌಕರರು 1908ರಲ್ಲಿ ಆರಂಭಿಸಿದ ಮಿಲ್‌ರೋಸ್ ಗೇಮ್ಸ್ 1914ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂದು ಸುಮಾರು ಒಂದು ಶತಮಾನ ಅಲ್ಲೇ ನಡೆಯಿತು.

ಗಾರ್ಡನ್‌ನ ಟ್ರ್ಯಾಕ್ ಮರದ ಹಲಗೆಗಳದು. ಕೂಟಕ್ಕೆಂದು ಜೋಡಿಸಿ, ಮುಗಿದ ಮೇಲೆ ಬಿಚ್ಚಿಡುತ್ತಿದ್ದರು. ಅಲ್ಲಿ ಒಂದು ಮೈಲಿ ಓಡಲು ಹನ್ನೊಂದು ಸುತ್ತು ಬೇಕಿತ್ತು. ಫಿನ್ಲೆಂಡಿನ ಪಾವೊ ನೂರ್ಮಿ 1925ರ ಜನವರಿಯಲ್ಲಿ ಅಮೆರಿಕ ಪ್ರವಾಸ ಆರಂಭಿಸಿದ್ದು ಇಂಥ ಹಲಗೆಗಳ ಮೇಲೆಯೇ. ಜಿಮ್ ಬೀಟಿ 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಳಾಂಗಣದ ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದರು. ಐರ್ಲೆಂಡಿನ ಇಮನ್ ಕಾಹ್ಲನ್ 1983ರಲ್ಲಿ ಅದೇ ದೂರವನ್ನು 3 ನಿಮಿಷ 49.78 ಸೆಕೆಂಡಿಗೆ ಇಳಿಸಿದರು.

ಸಾಧನೆಗಳೇನೋ ದೊಡ್ಡವು, ಆದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಆಧಾರವೇ ಇರಲಿಲ್ಲ. ಒಂದು ಊರಿನ ಟ್ರ್ಯಾಕ್ ಹನ್ನೊಂದು ಸುತ್ತಿನದಾದರೆ ಇನ್ನೊಂದು ಊರಿನದು ಬೇರೆ ಅಳತೆಯದು. ಒಂದೆಡೆ ತಿರುವು ಏರಿರುತ್ತಿತ್ತು, ಇನ್ನೊಂದೆಡೆ ಸಪಾಟು. ಒಂದೆಡೆ ಯಾರ್ಡ್, ಇನ್ನೊಂದೆಡೆ ಮೀಟರ್. ಕ್ರೀಡಾಪಟು ಆಯಾ ಊರಿಗೆ ಹೋದ ಮೇಲೆಯೇ ಅಲ್ಲಿನ ನೆಲದ ಗುಣ ಅರಿಯಬೇಕಿತ್ತು.

ಒಂದೇ ಅಳತೆಗೆ ಬಂದ ಕಾಲ

ಯುರೋಪ್ ಈ ಗೊಂದಲಕ್ಕೆ ಶಿಸ್ತು ತಂದಿತು. 1966ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಯುರೋಪಿಯನ್ ಒಳಾಂಗಣ ಕ್ರೀಡಾಕೂಟ ಶುರುವಾಯಿತು. 1970ರಲ್ಲಿ ವಿಯೆನ್ನಾದಲ್ಲಿ ಅದು ಅಧಿಕೃತ ಚಾಂಪಿಯನ್‌ಷಿಪ್ ಆಯಿತು. ಜಾಗತಿಕ ಮಟ್ಟದ ಮೊದಲ ಕೂಟ 1985ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ಎಂಬ ಹೆಸರಿನಲ್ಲಿ ಅದು ಮರಳಿದ್ದು 1987ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಒಳಾಂಗಣದ ವಿಶ್ವದಾಖಲೆಗಳನ್ನು ಮಾನ್ಯ ಮಾಡಲು ಆರಂಭಿಸಿದ್ದೂ ಅದೇ ವರ್ಷ. ಅದಕ್ಕೊಂದು ಷರತ್ತಿತ್ತು: ಟ್ರ್ಯಾಕ್‌ನ ಸುತ್ತಳತೆ 200 ಮೀಟರ್ ಮೀರಬಾರದು.

ಈ ಒಂದು ಸಾಲಿನ ಷರತ್ತು ಇಡೀ ಕ್ರೀಡೆಯ ಸ್ವರೂಪ ಬದಲಿಸಿತು. 200 ಮೀಟರಿಗಿಂತ ದೊಡ್ಡ ಸುತ್ತಿನಲ್ಲಿ ತಿರುವು ಸಡಿಲ, ವೇಗ ಸುಲಭ. ಅಂಥ ಟ್ರ್ಯಾಕ್‌ಗಳು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಇವೆ. ಅಲ್ಲಿ ಎಷ್ಟೇ ವೇಗವಾಗಿ ಓಡಿದರೂ ಅದು ವಿಶ್ವದಾಖಲೆಯ ಪುಸ್ತಕ ಸೇರುವುದಿಲ್ಲ. 2023ರ ಕೊನೆಗೆ ವರ್ಲ್ಡ್ ಅಥ್ಲೆಟಿಕ್ಸ್ (ಅದೇ ಫೆಡರೇಷನ್‌ನ ಈಗಿನ ಹೆಸರು) ಇನ್ನೊಂದು ಹೆಜ್ಜೆ ಮುಂದಿಟ್ಟು, ಈ ದಾಖಲೆಗಳನ್ನು ‘ಒಳಾಂಗಣ’ ಎನ್ನುವ ಬದಲು ‘ಶಾರ್ಟ್ ಟ್ರ್ಯಾಕ್’ ಎಂಬ ಶೀರ್ಷಿಕೆಯಡಿ ತಂದಿತು. ಮುಖ್ಯವಾದದ್ದು ಸುತ್ತಿನ ಅಳತೆ, ತಲೆಯ ಮೇಲೆ ಸೂರಿದೆಯೇ ಎಂಬುದಲ್ಲ. ಪೋಲ್ ವಾಲ್ಟ್‌ನಂಥ ಸ್ಪರ್ಧೆಯಲ್ಲಿ ಈ ಮಾತು ಅದಕ್ಕೂ ಮೊದಲೇ ಜಾರಿಗೆ ಬಂದಿತ್ತು. ರೆನೊ ಲಾವಿಲನಿ 2014ರಲ್ಲಿ ಡೊನೆಟ್ಸ್ಕ್‌ನ ಸಭಾಂಗಣದೊಳಗೆ ದಾಟಿದ 6.16 ಮೀಟರ್ ಎತ್ತರವನ್ನು ನೇರವಾಗಿ ವಿಶ್ವದಾಖಲೆಯೆಂದೇ ಒಪ್ಪಲಾಯಿತು.

ತಿರುವಿನ ಲೆಕ್ಕ

ಒಳಾಂಗಣ ಓಟದ ಕಷ್ಟವೆಲ್ಲ ತಿರುವಿನಲ್ಲಿದೆ. ಹೊರಗಿನ ಟ್ರ್ಯಾಕ್‌ನ ತಿರುವಿನ ತ್ರಿಜ್ಯ ಸುಮಾರು 36.5 ಮೀಟರ್. ಒಳಾಂಗಣದಲ್ಲಿ ಅದು ಸುಮಾರು 17 ಮೀಟರ್. ವೇಗ ಅಷ್ಟೇ ಇದ್ದರೂ ಓಟಗಾರನನ್ನು ಹೊರಕ್ಕೆ ತಳ್ಳಿದಂತೆ ಭಾಸವಾಗುವ ಸೆಳೆತ ಎರಡು ಪಟ್ಟಿಗಿಂತ ಹೆಚ್ಚು. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಅದು ದೇಹದ ತೂಕದ ಹೆಚ್ಚುಕಡಿಮೆ ಅರ್ಧದಷ್ಟಾಗುತ್ತದೆ. ಜಾತ್ರೆಯ ಮೃತ್ಯುಕೂಪದಲ್ಲಿ ಬೈಕ್ ಸವಾರನನ್ನು ಗೋಡೆಯ ಇಳಿಜಾರು ಹಿಡಿದಿಡುವ ಹಾಗೆ ಇಲ್ಲಿ ಓಟಗಾರನನ್ನು ಏರಿಸಿದ ತಿರುವು ಹಿಡಿದಿಡುತ್ತದೆ. ಈ ಏರಿಕೆ 15 ಡಿಗ್ರಿ ಮೀರಬಾರದೆಂಬ ನಿಯಮವಿದೆ. ಇತ್ತೀಚಿನ ಕೆಲವು ಟ್ರ್ಯಾಕ್‌ಗಳಲ್ಲಿ ಹೈಡ್ರಾಲಿಕ್ ಯಂತ್ರದಿಂದ ತಿರುವನ್ನು ಬೇಕಾದಾಗ ಎತ್ತಿ, ಬೇಡವಾದಾಗ ಸಪಾಟು ಮಾಡಬಹುದು.

ಆದರೂ ಒಳಲೇನ್‌ನವನ ಪಾಡು ಸುಧಾರಿಸಲಿಲ್ಲ. ಒಂದನೇ ಲೇನ್ ಅತಿ ಇಕ್ಕಟ್ಟು. ಐದು, ಆರನೆಯವು ಸಡಿಲ. 200 ಮೀಟರ್ ಓಟದಲ್ಲಿ ಇದು ಅನ್ಯಾಯವೆನ್ನುವಷ್ಟು ಎದ್ದು ಕಾಣುತ್ತಿತ್ತು. ನಮೀಬಿಯಾದ ಫ್ರಾಂಕಿ ಫ್ರೆಡರಿಕ್ಸ್ 1996ರಲ್ಲಿ ಫ್ರಾನ್ಸಿನ ಲಿಯೆವಾನ್‌ನಲ್ಲಿ 19.92 ಸೆಕೆಂಡಿನಲ್ಲಿ ಓಡಿ ಬೆರಗು ಹುಟ್ಟಿಸಿದ್ದ ಓಟ ಅದು. ಆದರೆ ಚಾಂಪಿಯನ್‌ಷಿಪ್‌ನಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಲೇನ್ ಚೀಟಿಯೇ ಅರ್ಧಕ್ಕರ್ಧ ತೀರ್ಮಾನಿಸುವಂತಿದ್ದರೆ ಆ ಪದಕಕ್ಕೆ ಏನು ಬೆಲೆ? 2004ರ ಬುಡಾಪೆಸ್ಟ್ ಕೂಟದ ಬಳಿಕ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಿಂದ 200 ಮೀಟರ್ ಓಟವನ್ನು ಕೈಬಿಟ್ಟರು. ಜನಪ್ರಿಯ ಓಟವೊಂದನ್ನು ನ್ಯಾಯದ ಕಾರಣಕ್ಕೆ ಬಿಟ್ಟುಕೊಟ್ಟ ಈ ನಿರ್ಧಾರ ನನಗೆ ಈ ಕ್ರೀಡೆಯ ಅತ್ಯಂತ ಪ್ರಾಮಾಣಿಕ ತೀರ್ಮಾನವಾಗಿ ಕಾಣುತ್ತದೆ.

ಉಳಿದ 400 ಮೀಟರಿಗೆ ಬೇರೆ ಉಪಾಯ ಮಾಡಿದರು. ಮೊದಲ ಎರಡು ತಿರುವನ್ನು ತಮ್ಮ ತಮ್ಮ ಲೇನ್‌ನಲ್ಲೇ ಓಡಬೇಕು, ಆಮೇಲೆ ಎಲ್ಲರೂ ಒಳಗೆ ಸರಿಯಬಹುದು. ಹಿಂದಿನ ಅರ್ಹತಾ ಸುತ್ತುಗಳಲ್ಲಿ ಚೆನ್ನಾಗಿ ಓಡಿದವರಿಗೆ ಹೊರಲೇನ್‌ಗಳು ಸಿಗುತ್ತವೆ: ಮೊದಲ ಇಬ್ಬರಿಗೆ ಐದು ಮತ್ತು ಆರು, ನಂತರದವರಿಗೆ ಮೂರು ಮತ್ತು ನಾಲ್ಕು, ಉಳಿದವರಿಗೆ ಒಂದು ಮತ್ತು ಎರಡು. ಹೀಗಾಗಿ ಇಲ್ಲಿ ಹೀಟ್ಸ್‌ನಲ್ಲಿ, ಅಂದರೆ ಆರಂಭದ ಅರ್ಹತಾ ಓಟಗಳಲ್ಲಿ, ಶಕ್ತಿ ಉಳಿಸಿಕೊಂಡು ಓಡುವುದು ದುಬಾರಿ ಬುದ್ಧಿ. ಬೆಳಿಗ್ಗೆ ಉಳಿಸಿದ ಶಕ್ತಿಯನ್ನು ಫೈನಲ್‌ನಲ್ಲಿ ಒಳಲೇನ್ ನುಂಗಿಬಿಡುತ್ತದೆ.

ಗೆರೆ ಕಲಿಸಿದ ಪಾಠ

ಈ ನಿಯಮಗಳ ಬಿಗಿ ಎಷ್ಟೆಂಬುದನ್ನು ಜಗತ್ತು ಕಂಡದ್ದು 2018ರ ಮಾರ್ಚ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಪುರುಷರ 400 ಮೀಟರ್ ಹೀಟ್ಸ್‌ನ ಮೂರನೇ ಓಟದಲ್ಲಿದ್ದವರು ಐದು ಮಂದಿ. ಕತಾರ್‌ನ ಅಬ್ದಲೇಲಾ ಹಾರೂನ್ ತಪ್ಪು ಆರಂಭಕ್ಕೆ ಹೊರಬಿದ್ದರು. ಉಳಿದ ನಾಲ್ವರು ಓಡಿ ಮುಗಿಸಿದರು. ತೀರ್ಪುಗಾರರು ವಿಡಿಯೊ ನೋಡಿದ ಮೇಲೆ, ಗೆರೆ ತುಳಿದಿದ್ದಾರೆಂದು ಆ ನಾಲ್ವರನ್ನೂ ಅನರ್ಹಗೊಳಿಸಿದರು. ಒಂದು ಹೀಟ್‌ನಲ್ಲಿ ಓಡಿದವರ ಪೈಕಿ ಒಬ್ಬರ ಹೆಸರೂ ಫಲಿತಾಂಶದಲ್ಲಿ ಉಳಿಯಲಿಲ್ಲ.

ಫೈನಲ್‌ನಲ್ಲಿ ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ಸ್ಪೇನ್‌ನ ಆಸ್ಕರ್ ಹುಸಿಯೋಸ್ 44.92 ಸೆಕೆಂಡಿನಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದರು. ಡೊಮಿನಿಕನ್ ಗಣರಾಜ್ಯದ ಲುಗೆಲಿನ್ ಸಾಂಟೋಸ್ ಎರಡನೆಯವರು. ಹುಸಿಯೋಸ್ ಗೆಲುವಿನ ಸಂಭ್ರಮದಲ್ಲಿದ್ದಾಗಲೇ ಇಬ್ಬರೂ ಅನರ್ಹರೆಂಬ ತೀರ್ಪು ಬಂತು. ಕಾರಣ ಅದೇ, ಲೇನ್ ಉಲ್ಲಂಘನೆ. ಅವರ ಹಿಂದೆ ಬಂದ ಜೆಕ್ ಓಟಗಾರ ಪಾವೆಲ್ ಮಸ್ಲಾಕ್‌ಗೆ ಸತತ ಮೂರನೇ ವಿಶ್ವ ಒಳಾಂಗಣ ಚಿನ್ನ ಸಿಕ್ಕಿತು.

ತೀರ್ಪುಗಾರರು ನಿಯಮದ ಪ್ರಕಾರವೇ ನಡೆದರು. ಪ್ರಶ್ನೆ ಎದ್ದದ್ದು ನಿಯಮದ ಮೇಲೆ. ಇಷ್ಟು ಕಡಿದಾದ ತಿರುವಿನಲ್ಲಿ ಒಂದು ಹೆಜ್ಜೆ ಗೆರೆಗೆ ತಾಗಿದರೆ ಅದರಿಂದ ಸಿಗುವ ಲಾಭವೆಷ್ಟು? ಶಿಕ್ಷೆ ತಪ್ಪಿಗೆ ತಕ್ಕದ್ದೇ? ಮೂರು-ನಾಲ್ಕು ವರ್ಷಗಳಲ್ಲಿ ನಿಯಮಪುಸ್ತಕ ಬದಲಾಯಿತು. ತಿರುವಿನಲ್ಲಿ ಒಮ್ಮೆ ಮಾತ್ರ ಎಡಗೆರೆ ತುಳಿದರೆ ಈಗ ಅನರ್ಹತೆಯಿಲ್ಲ. ಆದರೆ ಆ ತಪ್ಪು ಕ್ರೀಡಾಪಟುವಿನ ಲೆಕ್ಕದಲ್ಲಿ ದಾಖಲಾಗುತ್ತದೆ. ಅದೇ ಸ್ಪರ್ಧೆಯ ಮುಂದಿನ ಸುತ್ತಿನಲ್ಲಿ ಮತ್ತೊಮ್ಮೆ ತುಳಿದರೆ ಹೊರಗೆ. ನಿಯಮ ಬಿಗಿಯಾಗಿಯೇ ಉಳಿಯಿತು, ಮನುಷ್ಯನ ಕಾಲಿಗೂ ಸ್ವಲ್ಪ ಅವಕಾಶ ದೊರೆಯಿತು. ಹುಸಿಯೋಸ್ ಎದೆಗುಂದದೆ ಓಡುತ್ತ ಹೋಗಿ 2021ರಲ್ಲಿ ಟೊರೂನ್‌ನಲ್ಲಿ ಯುರೋಪಿಯನ್ ಒಳಾಂಗಣ ಚಿನ್ನ ಗೆದ್ದರು.

ಕಾಲ್ ರೂಮಿನ ಬಾಗಿಲು

ಪ್ರೇಕ್ಷಕರ ಕಣ್ಣಿಗೆ ಬೀಳದ ಇನ್ನೊಂದು ಸ್ಪರ್ಧೆ ಟ್ರ್ಯಾಕ್‌ಗೆ ಬರುವ ಮೊದಲೇ ನಡೆದಿರುತ್ತದೆ. ಹೆಸರು ನೋಂದಾಯಿಸಿದ್ದರೂ ಸ್ಪರ್ಧೆಯ ಹಿಂದಿನ ದಿನ ತಂಡದ ವ್ಯವಸ್ಥಾಪಕರು ‘ನಮ್ಮವರು ಓಡುತ್ತಾರೆ’ ಎಂದು ಖಚಿತಪಡಿಸಬೇಕು. ಖಚಿತಪಡಿಸಿ, ಸರಿಯಾದ ಕಾರಣವಿಲ್ಲದೆ ಓಡದಿದ್ದರೆ ಆ ಕೂಟದ ಉಳಿದ ಸ್ಪರ್ಧೆಗಳಿಂದಲೂ ಹೊರಗಿಡಬಹುದು. ಓಟಗಾರ್ತಿ ಮೈ ಬಿಸಿ ಮಾಡಿಕೊಳ್ಳುವ ಜಾಗ ಬೇರೆ, ಓಡುವ ಜಾಗ ಬೇರೆ. ನಡುವೆ ಕಾಲ್ ರೂಮ್. ಓಟಗಳಿಗೆ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಪೋಲ್ ವಾಲ್ಟ್‌ಗೆ ಒಂದು ಗಂಟೆಗೂ ಹೆಚ್ಚು ಮೊದಲು ಅಲ್ಲಿ ಹಾಜರಿರಬೇಕು. ಹೆಸರು ಕೂಗಿದಾಗ ಇಲ್ಲದಿದ್ದರೆ ಓಟವಿಲ್ಲ.

ಒಳಗೆ ಹೋದ ಮೇಲೆ ಗುರುತಿನ ಚೀಟಿ, ಚೆಸ್ಟ್ ನಂಬರ್, ಫೋಟೊ ಫಿನಿಷ್ ಕ್ಯಾಮೆರಾಗಾಗಿ ಸೊಂಟಕ್ಕೆ ಅಂಟಿಸುವ ಸಂಖ್ಯೆ ಎಲ್ಲವನ್ನೂ ನೋಡುತ್ತಾರೆ. ಅಧಿಕಾರಿ ಶೂ ತಿರುಗಿಸಿ ಸ್ಪೈಕ್ ಮೊಳೆಗಳನ್ನು ಪರೀಕ್ಷಿಸುತ್ತಾರೆ: ಒಂದು ಶೂಗೆ ಹೆಚ್ಚೆಂದರೆ ಹನ್ನೊಂದು, ಓಟಕ್ಕೆ ಉದ್ದ 9 ಮಿಲಿಮೀಟರ್ ಮೀರಬಾರದು. ನೆಲ ಹಾಳಾಗದಿರಲಿ ಎಂದು ಕೆಲವು ಸಭಾಂಗಣಗಳು 6 ಮಿಲಿಮೀಟರನ್ನೇ ಕೇಳುತ್ತವೆ. ದಪ್ಪ ಅಡಿಯ ಹೊಸ ಶೂಗಳು ಬಂದಮೇಲೆ ಅಡಿಯ ದಪ್ಪವನ್ನೂ ಅಳೆಯಬೇಕಾಯಿತು. 2024ರ ನವೆಂಬರ್‌ನಿಂದ ಟ್ರ್ಯಾಕ್‌ನ ಎಲ್ಲ ಓಟಗಳಿಗೂ ಅದು 20 ಮಿಲಿಮೀಟರ್ ಮೀರುವಂತಿಲ್ಲ. ಚೀಲದಲ್ಲಿ ಮೊಬೈಲ್ ಇದ್ದರೆ ಅದು ಅಲ್ಲೇ ಉಳಿಯುತ್ತದೆ.

ಅಂಗಳದ ಒಳಗಿನ ಹೊಂದಾಣಿಕೆ ಇನ್ನೂ ಸೂಕ್ಷ್ಮ. 60 ಮೀಟರಿನ ನೇರ ಓಟದ ಎಂಟು ಲೇನ್‌ಗಳು ಅಂಗಳದ ನಡುವೆಯೇ ಹಾಯುತ್ತವೆ. ಅದರ ಆಚೀಚೆ ಉದ್ದ ಜಿಗಿತದ ದಾರಿ, ಎತ್ತರ ಜಿಗಿತದ ಹಾಸಿಗೆ, ಗುಂಡು ಎಸೆತದ ವೃತ್ತ. ಗುರಿಗೆರೆಯ ಆಚೆ ನಿಲ್ಲಲು ಕನಿಷ್ಠ 10 ಮೀಟರ್ ಇರಬೇಕು, ಅದರ ಕೊನೆಗೆ ಮೆತ್ತೆ ಹಾಕಿದ ತಡೆ. ನೆಲ ಒಡೆಯದಿರಲೆಂದು ಗುಂಡಿಗೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಕವಚ ತೊಡಿಸಬಹುದು. ಪುರುಷರ ಗುಂಡಿನ ತೂಕ ಮಾತ್ರ ಹೊರಗಿನಷ್ಟೇ, 7.26 ಕಿಲೊ. ಮಹಿಳೆಯರ ಪೆಂಟಾಥ್ಲಾನ್‌ನಲ್ಲಿ ಐದು ಸ್ಪರ್ಧೆಗಳೂ ಒಂದೇ ದಿನ ಮುಗಿಯಬೇಕು. ಒಂದರಿಂದ ಇನ್ನೊಂದಕ್ಕೆ ಸಿಗುವ ಬಿಡುವು ಕೆಲವೊಮ್ಮೆ ಅರ್ಧ ಗಂಟೆ ಮಾತ್ರ. ಊಟ, ಶೂ ಬದಲಾವಣೆ, ಕೋಚ್ ಜೊತೆ ಎರಡು ಮಾತು ಎಲ್ಲವೂ ಆ ಅವಧಿಯಲ್ಲೇ. 4×400 ರಿಲೇಯಲ್ಲಿ, ಬರುತ್ತಿರುವ ಜೊತೆಗಾರರು ಕೊನೆಯ ತಿರುವಿಗೆ ಬಂದ ಕ್ರಮದಲ್ಲೇ ಕಾಯುವವರು ಒಳಗಿನಿಂದ ಹೊರಕ್ಕೆ ನಿಲ್ಲಬೇಕು. ಆಮೇಲೆ ಜಾಗ ಬದಲಿಸಿದರೆ ತಂಡವೇ ಅನರ್ಹ.

ಏಷ್ಯಾ, ಭಾರತ, ನಾವು

ಏಷ್ಯನ್ ಒಳಾಂಗಣ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 2004ರಲ್ಲಿ, ಟೆಹರಾನ್‌ನಲ್ಲಿ. ಭಾರತಕ್ಕೆ ಇದು ತಡವಾಗಿ ತೆರೆದ ಬಾಗಿಲು. ವರ್ಷವಿಡೀ ಬಯಲಲ್ಲಿ ಓಡಬಹುದಾದ ನಾಡಿಗೆ ಸೂರಿನ ಅಗತ್ಯವೇ ಕಂಡಿರಲಿಲ್ಲ. ಬೆಂಗಳೂರಿನ ಕಂಠೀರವದಲ್ಲೋ ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೋ ಅಭ್ಯಾಸ ಮಾಡುವ ನಮ್ಮ ಓಟಗಾರರ ಕಾಲಿಗೆ ಏರಿಸಿದ ತಿರುವಿನ ಪರಿಚಯವೇ ಇಲ್ಲ. ಆದರೂ 2022ರಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಕೂಟದಲ್ಲಿ ಎಂ. ಶ್ರೀಶಂಕರ್ 7.92 ಮೀಟರ್ ಜಿಗಿದು ಏಳನೆಯವರಾದರು. ಜ್ಯೋತಿ ಯರ್ರಾಜಿ 60 ಮೀಟರ್ ಹರ್ಡಲ್ಸ್‌ನಲ್ಲಿ 2023ರ ಅಸ್ತಾನಾದ ಏಷ್ಯನ್ ಕೂಟದಲ್ಲಿ ಬೆಳ್ಳಿ, 2024ರ ಟೆಹರಾನ್ ಕೂಟದಲ್ಲಿ 8.12 ಸೆಕೆಂಡಿನೊಂದಿಗೆ ಚಿನ್ನ ಗೆದ್ದರು. ತಜಿಂದರ್‌ಪಾಲ್ ಸಿಂಗ್ ತೂರ್ ಗುಂಡು ಎಸೆತದಲ್ಲಿ ಎರಡೂ ಸಲ ಚಿನ್ನ ತಂದರು. ಗಮನಿಸಬೇಕಾದ್ದೆಂದರೆ ಇವೆಲ್ಲ ತಿರುವಿಲ್ಲದ ಸ್ಪರ್ಧೆಗಳು.

ಭುವನೇಶ್ವರದ ಕಳಿಂಗ ಕ್ರೀಡಾ ಸಂಕೀರ್ಣದಲ್ಲಿ ಈಗ ಒಳಾಂಗಣ ಟ್ರ್ಯಾಕ್ ಎದ್ದು ನಿಂತಿದೆ. ಕಟ್ಟಡ ಬಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕೆಲಸ ಜನರನ್ನು ತಯಾರು ಮಾಡುವುದು: ಗೆರೆ ನೋಡಬಲ್ಲ ತೀರ್ಪುಗಾರರು, ಕಾಲ್ ರೂಮ್ ನಡೆಸಬಲ್ಲ ಅಧಿಕಾರಿಗಳು, ವೇಳಾಪಟ್ಟಿ ಓದಿ ತಮ್ಮ ಓಟಗಾರರನ್ನು ಸರಿಯಾದ ಬಾಗಿಲಿಗೆ ಕರೆತರಬಲ್ಲ ವ್ಯವಸ್ಥಾಪಕರು. ಈ ತಯಾರಿಗೆ ಛಾವಣಿ ಬೇಕಿಲ್ಲ. ನಮ್ಮ ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಸುಣ್ಣದ ಗೆರೆ ಹಾಕಿದ ಟ್ರ್ಯಾಕ್ ಮೇಲೂ ಅದನ್ನು ಶುರು ಮಾಡಬಹುದು. ಗೆರೆ ತುಳಿದ ಮಗುವಿಗೆ ‘ಇರಲಿ ಬಿಡು’ ಎನ್ನದೆ ಯಾಕೆ ತುಳಿಯಬಾರದೆಂದು ತಿಳಿಸಿದರೆ, ಓಟಕ್ಕೆ ಮುಂಚೆ ಹೆಸರು ಕೂಗಿ, ನಂಬರ್ ನೋಡಿ, ಸಾಲಾಗಿ ಕರೆದೊಯ್ಯುವುದನ್ನು ರೂಢಿ ಮಾಡಿದರೆ, ಆ ಮಗು ಮುಂದೆ ಯಾವ ದೇಶದ ಸಭಾಂಗಣಕ್ಕೆ ಹೋದರೂ ಬೆದರುವುದಿಲ್ಲ. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರ ಕೈಗೆ ಈ ನಿಯಮಗಳು ತಿಳಿಗನ್ನಡದಲ್ಲಿ ಸಿಗಬೇಕು. ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗ ಹುಡುಗಿಯರು ಸೋಲುವುದಾದರೆ ತಮಗಿಂತ ವೇಗದವರ ಎದುರು ಸೋಲಲಿ. ಯಾರೂ ಕಲಿಸದ ನಿಯಮದ ಎದುರು ಸೋಲುವಂತಾಗಬಾರದು.