ಎರಡು ನಿಮಿಷದ ಮೈಕು

ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳಲ್ಲಿ ಒಂದು ಪದ್ಧತಿಯಿದೆ. ಮಂತ್ರಿಗಳು, ರಾಯಭಾರಿಗಳು, ಅಧಿಕಾರಿಗಳು ಎಲ್ಲ ಮಾತಾಡಿ ಮುಗಿಸಿದ ಮೇಲೆ, ಹೊತ್ತು ಉಳಿದಿದ್ದರೆ, ವೀಕ್ಷಕ ಗುಂಪುಗಳ ಕೈಗೆ ಮೈಕು ಬರುತ್ತದೆ. ತಲಾ ಎರಡು ನಿಮಿಷ, ಅಷ್ಟೇ. ಉದ್ಯಮಿಗಳು, ಪರಿಸರ ಸಂಘಟನೆಗಳು, ನಗರಾಡಳಿತಗಳು, ಮೂಲನಿವಾಸಿಗಳು, ಸಂಶೋಧಕರು, ಕಾರ್ಮಿಕ ಸಂಘಗಳು, ಮಹಿಳೆಯರು, ರೈತರು – ಈ ಸಾಲಿನಲ್ಲಿ ಯುವಜನರ ಗುಂಪೂ ಒಂದು. ಊಟದ ಪಂಕ್ತಿಯ ಕೊನೆಯಲ್ಲಿ ಕೂತ ಹುಡುಗರಿಗೆ ಪಾಯಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂತೆ.

ಈ ಎರಡು ನಿಮಿಷ ಸಿಕ್ಕಿದ್ದು ಹೇಗೆ? ಸಿಕ್ಕಿ ಏನಾಯಿತು? ಕಥೆ ಕಾದಂಬರಿ ಓದಿಕೊಂಡು ಶಿಕಾಗೋ, ಡೆಟ್ರಾಯಿಟ್ ಸುತ್ತಮುತ್ತ ಬದುಕುತ್ತಿರುವ ನಮಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುವ ಓದುಗರಿಗೆ ಒಂದು ಮಾತು: ಈ ಕಥೆಯ ಒಂದು ಬೇರು ಡೆಟ್ರಾಯಿಟ್‌ನಿಂದ ಒಂದು ಗಂಟೆಯ ಹಾದಿಯಲ್ಲಿದೆ, ಇನ್ನೊಂದು ಬೇರು ಶಿರಸಿಯ ಕಾಡಿನಲ್ಲಿದೆ.

ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1965ರ ಮಾರ್ಚ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಇಡೀ ರಾತ್ರಿ ಪಾಠ-ಚರ್ಚೆ ನಡೆಸಿದರು. 'ಟೀಚ್-ಇನ್' ಎಂಬ ಹೊಸ ಪದ್ಧತಿ ಹುಟ್ಟಿದ್ದು ಹಾಗೆ. ಅದೇ ಪದ್ಧತಿಯನ್ನು ಅಲ್ಲಿನ ವಿದ್ಯಾರ್ಥಿಗಳು 1970ರ ಮಾರ್ಚ್ 11ರಿಂದ 14ರವರೆಗೆ ಪರಿಸರಕ್ಕೆ ಒಗ್ಗಿಸಿದರು. 'ಎನ್ಯಾಕ್ಟ್' ಎಂಬ ಹೆಸರಿನ ಆ ಕೂಟದಲ್ಲಿ ಸುಮಾರು 50,000 ಜನ ಭಾಗವಹಿಸಿದರು. ಏಪ್ರಿಲ್ 22ರ ಮೊತ್ತಮೊದಲ ಭೂದಿನಕ್ಕೆ ಇದು ಪೂರ್ವರಂಗ. ವಿದ್ಯಾರ್ಥಿಗಳು ಹಳೆಯ ಫೋರ್ಡ್ ಕಾರೊಂದನ್ನು ಅಪರಾಧಿಯಾಗಿ ನಿಲ್ಲಿಸಿ, ಅಣಕು ವಿಚಾರಣೆ ನಡೆಸಿ, ಶಿಕ್ಷೆ ವಿಧಿಸಿ ಸುತ್ತಿಗೆಯಿಂದ ಬಡಿದರು. ಮೋಟಾರು ನಗರಿಯ ನೆರಳಿನಲ್ಲೇ ಇದು ನಡೆಯಿತು! ಆದರೆ ಕಥೆ ಅಷ್ಟು ಸರಳವಲ್ಲ. ಮೊದಲ ಭೂದಿನಕ್ಕೆ ಧಾರಾಳವಾಗಿ ಹಣ ಕೊಟ್ಟವರಲ್ಲಿ ಡೆಟ್ರಾಯಿಟ್‌ನ ವಾಹನ ಕಾರ್ಮಿಕರ ಸಂಘವೇ ಮುಂದಿತ್ತು. ಅದರ ನಾಯಕ ವಾಲ್ಟರ್ ರೂಥರ್‌ಗೆ ಕಾರ್ಖಾನೆಯ ಹೊಗೆಯನ್ನು ಮೊದಲು ಕುಡಿಯುವವನು ಕಾರ್ಮಿಕನೇ ಎಂಬುದು ಗೊತ್ತಿತ್ತು. ಕಾರು ಒಡೆದ ಹುಡುಗರೂ ಕಾರು ಕಟ್ಟಿದ ಕೈಗಳೂ ಒಂದೇ ಚಳವಳಿಯಲ್ಲಿದ್ದರು ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಕಡೆಯ ಬೇರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಗ್ರಾಮದವರು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡರು. ಅದರ ಹಿಂದೆ ಇದ್ದದ್ದು ಊರಿನ ಯುವಕ ಮಂಡಳಿ. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣರನ್ನು ಕರೆಸಿ ಮಾತು ಕೇಳಿದವರು, ಮರ ಉಳಿಸುವ ಪಣ ತೊಟ್ಟವರು ಆ ಮಂಡಳಿಯ ಹುಡುಗರು. ನಾಟಕ ಆಡಿಸಿಕೊಂಡು, ಗಣಪತಿ ಕೂರಿಸಿಕೊಂಡು ಇರುವಂಥ ಮಂಡಳಿಗಳು ಮಲೆನಾಡಿನ ಊರೂರಿಗೂ ಇವೆ. ನಮ್ಮಲ್ಲಿ ಅನೇಕರು ಅಂಥವುಗಳ ಸದಸ್ಯರಾಗಿದ್ದವರೇ. ಆ ಸತ್ಯಾಗ್ರಹ 38 ದಿನ ನಡೆದು, ಸರಕಾರ ಕಡಿತದ ಆದೇಶವನ್ನು ಹಿಂತೆಗೆದುಕೊಳ್ಳುವಂತಾಯಿತು. ಪಾಂಡುರಂಗ ಹೆಗಡೆಯವರಂಥ ಕಾರ್ಯಕರ್ತರು ಅಪ್ಪಿಕೋವನ್ನು ಪಶ್ಚಿಮಘಟ್ಟದ ಉದ್ದಕ್ಕೂ ಒಯ್ದರು. ಹವಾಮಾನ ಬದಲಾವಣೆ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಆದರೆ 'ನಾಳೆ ಇಲ್ಲಿ ಬದುಕಬೇಕಾದವರು ನಾವು, ನಮ್ಮನ್ನು ಕೇಳಿ' ಎಂಬ ವಾದ ಆಗಲೇ ಹುಟ್ಟಿತ್ತು.

ಆ ವಾದ ಜಗತ್ತಿನ ವೇದಿಕೆಗೆ ಬಂದದ್ದು 1992ರ ಜೂನ್‌ನಲ್ಲಿ, ರಿಯೋ ಡಿ ಜನೈರೋದಲ್ಲಿ. ಕೆನಡಾದ 12 ವರ್ಷದ ಸೆವರ್ನ್ ಕಲಿಸ್-ಸುಜುಕಿ ತನ್ನ ಗೆಳತಿಯರೊಡನೆ ತಾವೇ ಚಂದಾ ಎತ್ತಿ ಅಲ್ಲಿಗೆ ಹೋಗಿ, ನೆರೆದ ಪ್ರತಿನಿಧಿಗಳ ಮುಂದೆ ಮಾತಾಡಿದಳು. ಅದೇ ಸಭೆಯಲ್ಲಿ ಹವಾಮಾನ ಒಪ್ಪಂದ ಸಹಿಗೆ ತೆರೆದುಕೊಂಡಿತು. 'ಇಂದಿನ ಮತ್ತು ಮುಂದಿನ ಪೀಳಿಗೆಗಳ ಹಿತಕ್ಕಾಗಿ' ಎಂಬ ಮಾತು ಆ ಒಪ್ಪಂದದ ಮೂರನೆಯ ವಿಧಿಯಲ್ಲಿಯೇ ಇದೆ. ಆದರೆ ಮುಂದಿನ ಪೀಳಿಗೆಗೆ ಒಳಗೆ ಕುರ್ಚಿ ಇರಲಿಲ್ಲ. ಉದ್ಯಮಿಗಳಿಗೆ ಮೊದಲಿನಿಂದಲೂ ಇತ್ತು. 1989ರಲ್ಲಿ ಹುಟ್ಟಿದ 'ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್' ಎಂಬ ಕೂಟ ತೈಲ, ಕಲ್ಲಿದ್ದಲು, ವಾಹನ ಕಂಪನಿಗಳ ಪರವಾಗಿ ಕಡ್ಡಾಯ ಮಿತಿಗಳನ್ನು ವಿರೋಧಿಸುತ್ತ ಬಂತು. ನಮ್ಮ ಊರಿನ ಮೂವರು ದೊಡ್ಡಣ್ಣಂದಿರೂ ಅದರಲ್ಲಿದ್ದರು. 1999ರ ಡಿಸೆಂಬರ್‌ನಲ್ಲಿ ಫೋರ್ಡ್, 2000ದ ಜನವರಿಯಲ್ಲಿ ಡೈಮ್ಲರ್‌ಕ್ರೈಸ್ಲರ್, ಮಾರ್ಚ್‌ನಲ್ಲಿ ಜನರಲ್ ಮೋಟಾರ್ಸ್ ಹೊರಬಂದವು. 2002ರಲ್ಲಿ ಕೂಟವೇ ಮುಚ್ಚಿತು. ಆ ಕಂಪನಿಗಳ ಸಂಬಳದಲ್ಲಿಯೇ ನಮ್ಮಲ್ಲಿ ಎಷ್ಟೋ ಮಂದಿ ಮನೆ ಕಟ್ಟಿದೆವು, ಊರಿಗೆ ಹಣ ಕಳಿಸಿದೆವು, ಮಕ್ಕಳನ್ನು ಓದಿಸಿದೆವು. ಹೀಗಾಗಿ ಈ ಚರಿತ್ರೆಯನ್ನು ದೂರದಿಂದ ನೋಡಿ ತೀರ್ಪು ಕೊಡುವ ಹಕ್ಕು ನಮಗಿಲ್ಲ.

2005ರಲ್ಲಿ ಮಾಂಟ್ರಿಯಲ್ ಸಮ್ಮೇಳನಕ್ಕೆ ಮುನ್ನ ಯುವಜನರು ತಮ್ಮದೇ ಒಂದು ಸಮ್ಮೇಳನ ನಡೆಸಿದರು. ಅಲ್ಲಿಂದ ಅದು ಪ್ರತಿವರ್ಷದ ಪದ್ಧತಿಯಾಯಿತು. 2009ರಲ್ಲಿ ಯುವಜನರ ಗುಂಪಿಗೆ ತಾತ್ಕಾಲಿಕ ಮಾನ್ಯತೆ, 2011ರಲ್ಲಿ ಪೂರ್ಣ ಮಾನ್ಯತೆ ದೊರಕಿತು. 'ಯಂಗೋ' ಎಂಬುದು ಅದರ ಹೆಸರು. ಎರಡು ನಿಮಿಷದ ಮೈಕು ಬಂದದ್ದು ಈ ದಾರಿಯಿಂದ.

2009 ಎಂದರೆ ನಮಗೆ ಬೇರೆಯದೇ ನೆನಪು. ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಟ್ರಾಯ್, ನೋವೈ, ಕ್ಯಾಂಟನ್‌ಗಳ ಕನ್ನಡ ಮನೆಗಳಲ್ಲಿ ಕೆಲಸ ಉಳಿಯುತ್ತದೋ, ವೀಸಾದ ಗತಿ ಏನು, ಮನೆ ಮಾರಬೇಕೋ ಎಂಬ ಮಾತೇ ಮಾತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆನ್ ಆರ್ಬರ್‌ನ ವಿದ್ಯಾರ್ಥಿಗಳು ವೀಕ್ಷಕರಾಗಿ ಕೋಪನ್‌ಹೇಗನ್‌ಗೆ ಹೋದರು. ಆ ಪರಂಪರೆ ಮುಂದೆಯೂ ಬೆಳೆಯಿತು. 'ಕ್ಲೈಮೇಟ್ ಬ್ಲೂ' ಎಂಬ ವಿದ್ಯಾರ್ಥಿ ಸಂಘ ಅದಕ್ಕಾಗಿಯೇ ಇದೆ. ಅಪ್ಪ ಕಾರ್ಖಾನೆಯ ಭವಿಷ್ಯಕ್ಕೆ ಕಳವಳಪಟ್ಟರೆ ಮಗಳು ಭೂಮಿಯ ಭವಿಷ್ಯಕ್ಕೆ ಕಳವಳಪಡುವ ಕಾಲ ಅದು. ಇಬ್ಬರ ಚಿಂತೆಯೂ ನಿಜವೇ. ಒಂದೇ ಮೇಜಿನ ಮೇಲೆ ಅನ್ನ-ಸಾರಿನ ಜೊತೆ ಎರಡೂ ಚಿಂತೆಗಳು ಬಂದು ಕೂತವು.

ಕೋಪನ್‌ಹೇಗನ್‌ನಲ್ಲಿ ಆದದ್ದೇನು? ಸುಮಾರು 15,000 ಜನ ಹಿಡಿಯುವ ಸಭಾಂಗಣಕ್ಕೆ 40,000ಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರು. ಕೊನೆಯ ದಿನಗಳಲ್ಲಿ, ಅಧ್ಯಕ್ಷರುಗಳು ಬಂದಿಳಿಯುತ್ತಿದ್ದಂತೆ, ವೀಕ್ಷಕರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟರು. ಎಳೆಯರು ಡಿಸೆಂಬರ್ ಚಳಿಯಲ್ಲಿ ಬಾಗಿಲ ಹೊರಗೆ ಸಾಲುನಿಂತರು. ಒಳಗೆ ಕೆಲವೇ ನಾಯಕರು ಕೂತು ಬರೆದ ಕಾಗದವನ್ನು ಸಭೆ 'ಗಮನಿಸಿತು', ಅಂಗೀಕರಿಸಲಿಲ್ಲ.

ಎರಡು ವರ್ಷದ ಬಳಿಕ, 2011ರ ಡಿಸೆಂಬರ್‌ನಲ್ಲಿ ಡರ್ಬನ್. ಅಮೆರಿಕದ ಪ್ರತಿನಿಧಿ ಟಾಡ್ ಸ್ಟರ್ನ್ ಭಾಷಣಕ್ಕೆ ಅಣಿಯಾಗುತ್ತಿದ್ದಾಗ, ಮಿಡಲ್‌ಬರಿ ಕಾಲೇಜಿನ ಅಬಿಗೇಲ್ ಬೋರಾ ಎದ್ದುನಿಂತು, ತನ್ನ ದೇಶದ ಪರವಾಗಿ ತಾನೇ ಮಾತಾಡುವೆನೆಂದಳು. ಭದ್ರತೆಯವರು ಹೊರಗೆ ಕರೆದೊಯ್ದರು. ಮರುದಿನ ಯುವಜನರ ಎರಡು ನಿಮಿಷ ಸಿಕ್ಕಿದ್ದು ಅಂಜಲಿ ಅಪ್ಪಾದುರೈಗೆ. ಹುಟ್ಟಿದ್ದು ಮದುರೆಯಲ್ಲಿ, ಬೆಳೆದದ್ದು ಕೆನಡಾದಲ್ಲಿ, ಓದುತ್ತಿದ್ದದ್ದು ಅಮೆರಿಕದ ಮೇಯ್ನ್ ರಾಜ್ಯದ ಕಾಲೇಜಿನಲ್ಲಿ. ನಾನು ಹುಟ್ಟಿದಾಗಿನಿಂದ ನೀವು ಮಾತುಕತೆ ನಡೆಸುತ್ತಲೇ ಇದ್ದೀರಿ ಎಂಬ ಅರ್ಥದ ಆಕೆಯ ಮಾತು ಜಗತ್ತನ್ನು ಸುತ್ತಿತು. ಜಗತ್ತಿನ ಅರ್ಧ ಜನಸಂಖ್ಯೆಗೆ ಮೊದಲು ಮಾತಾಡಲು ಬಿಡದೆ ಕೊನೆಗೆ ಯಾಕೆ ಬಿಡುತ್ತೇವೋ ಎಂದು ಅಧ್ಯಕ್ಷಪೀಠದಲ್ಲಿದ್ದವರೇ ಉದ್ಗರಿಸಿದರು.

ಅಂಜಲಿಯ ಹುಟ್ಟು-ಬೆಳವಣಿಗೆಯ ಸಾಲನ್ನು ಇನ್ನೊಮ್ಮೆ ಓದಿ. ನಮ್ಮ ಮನೆಮಕ್ಕಳದ್ದೂ ಹೆಚ್ಚುಕಡಿಮೆ ಇದೇ ಸಾಲು. ಅವರು ಮೈಕಿನ ಮುಂದೆ ನಿಂತರೆ ಯಾರ ಪರವಾಗಿ ನಿಂತಂತೆ? ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್; ಭಾರತದಲ್ಲಿ ಸುಮಾರು 2 ಟನ್. ಈ ಅಂತರವೇ ಭಾರತದ ವಾದದ ಬೆನ್ನೆಲುಬು. ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಇದನ್ನು ಖಡಾಖಂಡಿತವಾಗಿ ಬರೆದರು: ಬದುಕುಳಿಯಲು ಭತ್ತ ಬೆಳೆಯುವವನ ಹೊಗೆಯನ್ನೂ ಭೋಗಕ್ಕೆ ಕಾರು ಓಡಿಸುವವನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅದರ ತಿರುಳು. ನಮ್ಮ ಮಕ್ಕಳು ಬದುಕುವುದು 14 ಟನ್ನಿನ ಕಡೆ. ಅವರ ಅಜ್ಜ-ಅಜ್ಜಿ, ಚಿಕ್ಕಪ್ಪ-ಸೋದರತ್ತೆಯರು ಇರುವುದು 2 ಟನ್ನಿನ ಕಡೆ. ಇನ್ನು ವಿಮಾನದ ಟಿಕೆಟ್ಟು, ಹೋಟೆಲಿನ ಬಾಡಿಗೆ, ವೀಸಾ, ಬ್ಯಾಡ್ಜು ಇವೆಲ್ಲ ಸುಲಭವಾಗಿ ಒದಗುವುದು ಆನ್ ಆರ್ಬರ್‌ನ ವಿದ್ಯಾರ್ಥಿಗೇ ಹೊರತು ಸಾಲ್ಕಣಿಯ ಹುಡುಗನಿಗಲ್ಲ. 'ಯುವಜನರ ದನಿ' ಎನ್ನುವಾಗ ಈ ಭೇದ ಮರೆತರೆ ಆ ದನಿಗೆ ತೂಕ ಬರದು.

2018ರಲ್ಲಿ 15 ವರ್ಷದ ಗ್ರೆಟಾ ಥುನ್‌ಬರ್ಗ್ ಕಟೊವಿತ್ಸೆ ಸಮ್ಮೇಳನದಲ್ಲಿ ಮಾತಾಡಿದ ಮೇಲೆ ಶಾಲಾಮಕ್ಕಳ ಶುಕ್ರವಾರದ ಮುಷ್ಕರ ಬೆಂಗಳೂರಿಗೂ ಬಂತು. ಅಲ್ಲಿನ ದಿಶಾ ರವಿ ಎಂಬ ಯುವತಿಯನ್ನು ರೈತ ಚಳವಳಿಗೆ ಸಂಬಂಧಿಸಿದ 'ಟೂಲ್‌ಕಿಟ್' ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ದೆಹಲಿ ಪೊಲೀಸರು ಬಂಧಿಸಿದರು. ಹತ್ತು ದಿನದಲ್ಲಿ ನ್ಯಾಯಾಲಯ ಜಾಮೀನು ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ತಿರುವಣ್ಣಾಮಲೈನ ಶಾಲಾ ಹುಡುಗಿ ವಿನಿಶಾ ಉಮಾಶಂಕರ್ ನಾಯಕರೆದುರು ಮಾತಾಡಿ ಚಪ್ಪಾಳೆ ಗಿಟ್ಟಿಸಿದಳು. ಒಬ್ಬಳಿಗೆ ಚಪ್ಪಾಳೆ, ಇನ್ನೊಬ್ಬಳಿಗೆ ಜೈಲು. ಹೊರದೇಶದ ವೇದಿಕೆಗಿಂತ ಮನೆಯಂಗಳದಲ್ಲಿ ಮಾತಾಡುವುದೇ ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಎಳೆಯರಿಂದ ಆದದ್ದು ಬರೀ ಭಾಷಣವೇ? ಅಲ್ಲ. 2019ರಲ್ಲಿ ಪೆಸಿಫಿಕ್ ಸಾಗರದ ವನುವಾಟು ದ್ವೀಪದಲ್ಲಿ 27 ಜನ ಕಾನೂನು ವಿದ್ಯಾರ್ಥಿಗಳು ತರಗತಿಯ ಅಭ್ಯಾಸವಾಗಿ ಒಂದು ಪ್ರಶ್ನೆ ಎತ್ತಿಕೊಂಡರು: ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಯಾಕೆ ಕೇಳಬಾರದು? ದ್ವೀಪಗಳ ಸರಕಾರಗಳಿಗೆ ಪತ್ರ ಬರೆದರು. ವನುವಾಟು ಸರಕಾರ ಒಪ್ಪಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಮತದಾನವಿಲ್ಲದೆ ಒಮ್ಮತದಿಂದ ಆ ಪ್ರಶ್ನೆಯನ್ನು ಹೇಗ್‌ಗೆ ಕಳಿಸಿತು. 2024ರ ಡಿಸೆಂಬರ್‌ನ ವಿಚಾರಣೆಯಲ್ಲಿ, ಹೊಗೆಯ ಹಳೆಯ ಲೆಕ್ಕದಲ್ಲಿ ಎಂದೂ ಒಂದಾಗದ ಅಮೆರಿಕ ಮತ್ತು ಭಾರತ, ಇರುವ ಒಪ್ಪಂದಗಳೇ ಸಾಕು, ಹೊಸ ಹೊಣೆ ಬೇಡ ಎಂಬಲ್ಲಿ ಮಾತ್ರ ಅಕ್ಕಪಕ್ಕ ನಿಂತವು. ನಾವು ಬಿಟ್ಟುಬಂದ ದೇಶ, ನಾವು ಸೇರಿದ ದೇಶ ಎರಡೂ! 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ಆ ಹೊಣೆ ಮುರಿದರೆ ಅದು ಅಂತರರಾಷ್ಟ್ರೀಯ ತಪ್ಪು. ಇದು ಸಲಹೆಯೇ ಹೊರತು ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ, ನಿಜ. ಆದರೆ ಮುಂದೆ ಯಾವ ನ್ಯಾಯಾಲಯದಲ್ಲಿ ಯಾರು ವಾದ ಹೂಡಿದರೂ ಕೈಯಲ್ಲಿ ಈ ಕಾಗದ ಇರುತ್ತದೆ.

ಗಮನಿಸಬೇಕಾದ ಅಂಶ ಇದು. ಸಾಲ್ಕಣಿಯ ಮಂಡಳಿ ಗೆದ್ದದ್ದು ಒಂದು ಕಾಡು, ಒಂದು ಆದೇಶ ಎಂದು ಗುರಿ ಹಿಡಿದು, ಊರನ್ನೆಲ್ಲ ಜೊತೆಗೆ ಕರೆದುಕೊಂಡು ಹೋದದ್ದರಿಂದ. ವನುವಾಟುವಿನ ವಿದ್ಯಾರ್ಥಿಗಳು ಗೆದ್ದದ್ದು ಒಂದೇ ಪ್ರಶ್ನೆಯನ್ನು ಆರು ವರ್ಷ ಬಿಡದೆ ಹಿಡಿದು, ಒಂದು ಸರಕಾರವನ್ನು ಒಪ್ಪಿಸಿದ್ದರಿಂದ. ಮೈಕಿನ ಎರಡು ನಿಮಿಷ ಬೀಜ ಬಿತ್ತಬಹುದು. ಉತ್ತು, ಕಳೆ ಕೀಳುವ ಕೆಲಸಕ್ಕೆ ವರ್ಷಗಳೇ ಬೇಕು.

2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದ ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಹಾಕಿದರು. ಇಂಥ ಹೊತ್ತಿನಲ್ಲಿ ಇಲ್ಲಿನ ವಿದ್ಯಾರ್ಥಿಗಳಿಗೆ ತಮ್ಮ ದೇಶದ ಪರವಾಗಿ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲ. ಹೋಗಿ ಕೇಳಿಸಿಕೊಳ್ಳಲು ಬೇಕಾದಷ್ಟಿದೆ. ನಮ್ಮ ಮಕ್ಕಳು ಅಲ್ಲಿಗೆ ಹೊರಟರೆ ನಾವು ಕಟ್ಟಿಕೊಡಬಹುದಾದ ಬುತ್ತಿ ಒಂದಿದೆ: ಎರಡು ಟನ್ನಿನ ಕಡೆಯವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿ ತಿಳಿಯುವಷ್ಟು ಕನ್ನಡ. ಮುಂಗಾರು ತಡವಾದರೆ ಏನಾಗುತ್ತದೆಂದು ಅಜ್ಜನನ್ನು ಫೋನಿನಲ್ಲಿ ಕೇಳಿ ತಿಳಿದ ಹುಡುಗಿಯ ಎರಡು ನಿಮಿಷಕ್ಕೂ, ಕೇಳದ ಹುಡುಗಿಯ ಎರಡು ನಿಮಿಷಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.