ಗೋಡೆಯಿಂದ ಕೆಳಕ್ಕೆ

1986ರಲ್ಲಿ ನಾನು ಟ್ರಿಪಲ್ ಜಂಪ್ ಕಲಿಯುತ್ತಿದ್ದಾಗ ನಮ್ಮ ಕೋಚ್ ಮೈದಾನದ ಕಾಂಪೌಂಡ್ ಗೋಡೆ ತೋರಿಸಿದರು. “ಮೇಲೆ ಹತ್ತಿ ಕೆಳಕ್ಕೆ ಧುಮುಕು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಹಾರು. ರಷ್ಯಾದವರು ಹೀಗೇ ಮಾಡೋದು.” ಗೋಡೆ ನನ್ನ ಎದೆಮಟ್ಟಕ್ಕಿತ್ತು, ಕೆಳಗೆ ಗಟ್ಟಿನೆಲ. ಎಷ್ಟು ಸಲ ಸರ್ ಅಂದರೆ, “ಸಾಕು ಅನ್ನೋವರೆಗೆ.” ಮೂರನೇ ವಾರಕ್ಕೆ ಎಡಮಂಡಿ ಊದಿತು. ಆಮೇಲೆ ನಾನು ಪಿ.ಟಿ. ಮೇಷ್ಟ್ರಾದೆ, ಜಿಗಿತಗಾರನಾಗಲಿಲ್ಲ.

ರಷ್ಯಾದವರು ಹಾಗೆ ಮಾಡುತ್ತಿರಲಿಲ್ಲ ಎಂದು ತಿಳಿದದ್ದು ಬಹಳ ತಡವಾಗಿ, ಯೂರಿ ವೆರ್ಖೊಶಾನ್ಸ್ಕಿಯವರ ವಿಚಾರ ಓದಿದ ಮೇಲೆ. 1950ರ ದಶಕದ ಕೊನೆಯಲ್ಲಿ ಮಾಸ್ಕೋದಲ್ಲಿ ಅವರು ಜಿಗಿತಗಾರರನ್ನು ತಯಾರು ಮಾಡುತ್ತಿದ್ದರು. ಟ್ರಿಪಲ್ ಜಂಪಿನಲ್ಲಿ ಒಂಟಿಕಾಲಲ್ಲಿ ಇಳಿದ ಕ್ಷಣ ಆ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಅಷ್ಟು ಕಬ್ಬಿಣ ಹೊರಿಸಿ ಬಸ್ಕಿ ಹೊಡೆಸಿದರೆ ಸೊಂಟ ಉಳಿಯುತ್ತದೆಯೇ? ಅದಕ್ಕೇ ಮೈಯನ್ನೇ ಮೇಲಿನಿಂದ ಬೀಳಿಸಿದರು. ಬೀಳುವ ವೇಗವೇ ಭಾರವಾಯಿತು. ಇದಕ್ಕೆ ಅವರಿಟ್ಟ ರಷ್ಯನ್ ಹೆಸರಿನ ಅರ್ಥ ‘ಹೊಡೆತದ ಪದ್ಧತಿ’.

ಗುಟ್ಟಿರುವುದು ಎತ್ತರದಲ್ಲಲ್ಲ, ನೆಲ ಬಿಡುವ ಚುರುಕಿನಲ್ಲಿ. ಕಾಲು ತಾಗಿದಾಗ ತೊಡೆ, ಮೀನಖಂಡ ಹಿಗ್ಗುತ್ತವೆ. ತಕ್ಷಣ ಕುಗ್ಗಿದರೆ ಹಿಮ್ಮಡಿಯ ಸ್ನಾಯುರಜ್ಜು ಚಾಟರಬಿಲ್ಲಿನ ರಬ್ಬರಿನಂತೆ ಮೈಯನ್ನು ಚಿಮ್ಮಿಸುತ್ತದೆ. ಕುಕ್ಕರಿಸಿ, ಸುಧಾರಿಸಿಕೊಂಡು ಎದ್ದರೆ ಆ ಎಳೆತ ಸೋರಿಹೋಗಿರುತ್ತದೆ. (ಕುಂಟೆಬಿಲ್ಲೆ ಆಡುವ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.)

ವೆರ್ಖೊಶಾನ್ಸ್ಕಿ ಲೆಕ್ಕವನ್ನೂ ಬರೆದಿದ್ದರು. ಧುಮುಕುವ ಎತ್ತರ ವೇಗಕ್ಕೆ 75 ಸೆಂಟಿಮೀಟರ್, ಬಲಕ್ಕೆ 110. ಪಳಗಿದವರಿಗೂ ಹತ್ತರಂತೆ ನಾಲ್ಕು ಸರದಿ, ವಾರಕ್ಕೆ ಹೆಚ್ಚೆಂದರೆ ಎರಡು ಸಲ. ಅದಕ್ಕೂ ಮೊದಲು ದೀರ್ಘಕಾಲ ಬಾರ್‌ಬೆಲ್, ಸಣ್ಣ ಕುಪ್ಪಳಿಕೆಗಳು. ನಾನೋ, ಆವರೆಗೆ ಬಾರ್‌ಬೆಲ್ ಮುಟ್ಟಿರಲೇ ಇಲ್ಲ!

ಇಂಥ ಜಿಗಿತದ ವ್ಯಾಯಾಮಕ್ಕೆ ಈಗಿರುವ ‘ಪ್ಲಿಯೊಮೆಟ್ರಿಕ್ಸ್’ ಎಂಬ ಹೆಸರು ಮಾತ್ರ ಅಮೆರಿಕದ್ದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೊವ್ 100 ಮತ್ತು 200 ಮೀಟರ್ ಎರಡನ್ನೂ ಗೆದ್ದಾಗ ಅಮೆರಿಕನ್ನರಿಗೆ ಮೈ ಉರಿಯದೆ ಇದ್ದೀತೇ? 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ, ಎಫ್‌ಬಿಐ ನೌಕರಿಯಲ್ಲಿದ್ದ ಫ್ರೆಡ್ ವಿಲ್ಟ್, ಸೋವಿಯತ್ತರು ಸ್ಪರ್ಧೆಗೆ ಮುಂಚೆ ಕುಪ್ಪಳಿಸುವುದನ್ನು ಗಮನಿಸಿದ್ದರು. 1975ರಲ್ಲಿ ಅದಕ್ಕೆ ಗ್ರೀಕ್ ತುಂಡುಗಳಿಂದ ಹೆಸರು ಕಟ್ಟಿದರು. ಚಂದದ ಹೆಸರಿಗೆ ಕಾಲು ಬಂತು. ನಮ್ಮ ಮೈದಾನಕ್ಕೆ ತಲುಪುವಷ್ಟರಲ್ಲಿ ಲೆಕ್ಕವೆಲ್ಲ ದಾರಿಯಲ್ಲಿ ಉದುರಿ, ಗೋಡೆಯೊಂದು ಉಳಿದಿತ್ತು.

ಈಗ ನಮ್ಮ ಶಾಲೆಯಲ್ಲಿ 30 ಸೆಂಟಿಮೀಟರಿನ ಮರದ ಪೆಟ್ಟಿಗೆಯಿದೆ, ಮೆತ್ತನೆಯ ಹುಲ್ಲಿನ ಮೇಲೆ ಇಡಿಸುತ್ತೇನೆ. “ಇಷ್ಟೇನಾ ಸರ್?” ಎನ್ನುತ್ತಾರೆ ಹುಡುಗರು. ನಾನು ಬೆನ್ನು ತಿರುಗಿಸಿ ನಿಂತು ಸದ್ದು ಕೇಳುತ್ತೇನೆ. ‘ಟಪ್’ ಎಂದರೆ ಇನ್ನೊಂದು. ‘ಧಡ್’ ಎಂದರೆ ಆ ದಿನಕ್ಕೆ ಪೆಟ್ಟಿಗೆ ಒಳಗೆ.