ವರ್ತನಿಯೂ ಅಂತಪಾಲನೂ

ಉತ್ತರಪಥದಿಂದ ತಂದ ಸರಕನ್ನೂ ಆ ಪಥದಲ್ಲಿ ನಡೆಯುವ ಮನುಷ್ಯನನ್ನೂ ‘ಔತ್ತರಪಥಿಕ’ವೆಂಬ ಒಂದೇ ಶಬ್ದದಿಂದ ಹೇಳಬಹುದೆಂದು ಪಾಣಿನಿಯು ವಿಧಿಸಿರುವನು. ವೈಯಾಕರಣರು ಪ್ರತ್ಯಯವನ್ನು ಸಾಧಿಸಿ ಮುಂದೆ ಹೋಗುವರು; ಚರಿತ್ರಕಾರನು ಅಲ್ಲಿ ಸ್ವಲ್ಪ ನಿಲ್ಲತಕ್ಕದ್ದು. ದಾರಿ ತೆರೆದರೆ ಎರಡೂ ನಡೆಯುವುವು, ಮುಚ್ಚಿದರೆ ಎರಡೂ ನಿಲ್ಲುವುವು.

ಇನ್ನೂ ವಿಶದವಾದ ವಿಚಾರವು ಕೌಟಿಲ್ಯನಲ್ಲಿದೆ. (ಆ ಅರ್ಥಶಾಸ್ತ್ರವನ್ನು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದವರು ನಮ್ಮ ಶಾಮಶಾಸ್ತ್ರಿಗಳು.) ಹೈಮವತಪಥವೇ ಶ್ರೇಷ್ಠವೆಂದ ಪೂರ್ವಾಚಾರ್ಯರನ್ನು ಅವನು ಒಪ್ಪನು, ಕಂಬಳಿ, ಚರ್ಮ, ಕುದುರೆಗಳನ್ನು ಬಿಟ್ಟರೆ ಶಂಖ, ವಜ್ರ, ಮಣಿ, ಮುತ್ತು, ಚಿನ್ನಗಳು ದಕ್ಷಿಣಾಪಥದಲ್ಲಿಯೇ ಹೆಚ್ಚೆನ್ನುವನು. ಈ ಭಾಗವನ್ನು ನಮ್ಮವರು ಅಭಿಮಾನದಿಂದ ಉದಾಹರಿಸುವುದುಂಟು. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಶುಲ್ಕಾಧ್ಯಕ್ಷಪ್ರಕರಣದ ಒಂದು ವಿಧಿ. ಗಡಿಯ ಅಂತಪಾಲನು ಸರಕು ಹೊತ್ತ ವಾಹನಕ್ಕೆ ಒಂದೂಕಾಲು ಪಣ ‘ವರ್ತನಿ’ಯನ್ನು, ಅಂದರೆ ದಾರಿಸುಂಕವನ್ನು, ತೆಗೆದುಕೊಳ್ಳತಕ್ಕದ್ದು, ಹೆಗಲಹೊರೆಗೆ ಒಂದು ಮಾಷ ಮಾತ್ರ. ಆದರೆ ದಾರಿಯಲ್ಲಿ ಕಳೆದುದನ್ನೂ ಕಳ್ಳರು ಕದ್ದುದನ್ನೂ ಅವನೇ ತುಂಬಿಕೊಡತಕ್ಕದ್ದು. ಸುಂಕವು ರಕ್ಷಣೆಯ ಬೆಲೆಯೇ ಹೊರತು ನೆಲದ ಬಾಡಿಗೆಯಲ್ಲ.

ಈ ನ್ಯಾಯವನ್ನು ನಮ್ಮ ಕಾಲದ ಮಾರ್ಗವೊಂದಕ್ಕೆ ಹಚ್ಚಿ ನೋಡಬಹುದು. ಮಣಿಪುರದ ಮೋರೆಯಿಂದ ಮ್ಯಾನ್ಮಾರಿನ ಮೂಲಕ ಥಾಯ್ಲೆಂಡಿನ ಮೇಸೋಟಿಗೆ ಸುಮಾರು 1,360 ಕಿಲೋಮೀಟರುಗಳ ತ್ರಿರಾಷ್ಟ್ರ ಹೆದ್ದಾರಿಯು ಸಂಕಲ್ಪಿತವಾಗಿದೆ. ಗಡಿಯಾಚೆಯ ತಮು–ಕಲೇವಾ ಭಾಗವನ್ನು ಭಾರತವು ಪರಿಷ್ಕರಿಸಿ 2001ರಲ್ಲಿ ತೆರೆಯಿತು; ಅಲ್ಲಿಯ 69 ಸೇತುವೆಗಳ ಪುನರ್ನಿರ್ಮಾಣವನ್ನೂ ಬಳಿಕ ವಹಿಸಿಕೊಂಡಿತು. ಅಂದಾಜುಪಟ್ಟಿಯಲ್ಲಿ ಸೇತುವೆಗಿದ್ದ ಸ್ಥಾನವು ಅಂತಪಾಲನ ಹೊಣೆಗೂ ಇರಬೇಕಾಗಿತ್ತೆಂದು ನನ್ನ ಮತ. 2021ರ ಸೇನಾಕ್ರಾಂತಿಯ ಅನಂತರ ಆ ಪ್ರಾಂತವು ಯುದ್ಧಭೂಮಿಯಾಯಿತು. ಸುಂಕಕ್ಕೆ ಕೈಯೊಡ್ಡುವ ಸಶಸ್ತ್ರದಳಗಳು ಅಲ್ಲಿ ಹಲವಾದವು; ವರ್ತಕನು ಕಳೆದುಕೊಂಡುದನ್ನು ತುಂಬಿಕೊಡುವವರು ಮಾತ್ರ ಯಾರೂ ಇಲ್ಲ.